ಗೂಳಿಕಪ್ಪೆಯ ಲೆಕ್ಕ: ರಫ್ತಿನ ಜಮಾ, ಕೆರೆಯಂಚಿನ ಖರ್ಚು

ನಮ್ಮ ನಾಡಿನ ವಿದೇಶ ವ್ಯಾಪಾರದ ಇತಿಹಾಸದಲ್ಲಿ ಮೆಣಸು, ಏಲಕ್ಕಿ, ಕಾಫಿ, ಗೋಡಂಬಿ, ರೇಷ್ಮೆಗಳು ಪಡೆದಿರುವ ಸ್ಥಾನ ಸರ್ವವಿದಿತ. ಅದೇ ಇತಿಹಾಸದ ಒಂದು ಪುಟದಲ್ಲಿ ಕಪ್ಪೆಯೂ ಇದೆ ಎಂಬ ಸಂಗತಿ ಮಾತ್ರ ಇಂದಿನ ತಲೆಮಾರಿನ ಉದ್ಯಮಿಗಳಲ್ಲಿ ಅನೇಕರಿಗೆ ತಿಳಿದಿರಲಾರದು. ಶೈತ್ಯೀಕರಿಸಿದ ಕಪ್ಪೆಕಾಲು ಒಂದು ಕಾಲಕ್ಕೆ ಸೀಗಡಿ ಮತ್ತು ಮೀನಿನ ಜೊತೆಯಲ್ಲಿ, ‘ಸಾಗರೋತ್ಪನ್ನ’ಗಳ ಶೀರ್ಷಿಕೆಯಡಿಯಲ್ಲಿ, ನಮ್ಮ ರಫ್ತು ಅಂಕಿ-ಅಂಶಗಳಲ್ಲಿ ದಾಖಲಾಗುತ್ತಿದ್ದ ಸರಕು. ಗದ್ದೆ, ಕುಂಟೆ, ಕೆರೆಯಂಚುಗಳಲ್ಲಿ ಹುಟ್ಟಿ, ಸಮುದ್ರವನ್ನು ಒಮ್ಮೆಯೂ ಕಾಣದ ಜೀವಿಯೊಂದು ಸಾಗರದ ಲೆಕ್ಕಕ್ಕೆ ಸೇರಿತ್ತು. 1987ರಲ್ಲಿ ಭಾರತ ಸರ್ಕಾರವು ಈ ರಫ್ತನ್ನು ನಿಷೇಧಿಸಿತು. ಒಂದು ವ್ಯಾಪಾರ ಹುಟ್ಟಿ, ಬೆಳೆದು, ನಿಂತುಹೋದ ಈ ಕಥೆಯಲ್ಲಿ ಲೆಕ್ಕಪತ್ರ ಬರೆಯುವವರಿಗೂ ಬರೆಯಿಸುವವರಿಗೂ ಕಲಿಯಬೇಕಾದ ಪಾಠವಿದೆ. ಆ ಪಾಠ ಇಂದಿಗೂ ಹಳತಾಗಿಲ್ಲ ಎಂಬುದೇ ಪ್ರಸ್ತುತ ಲೇಖನಕ್ಕೆ ಪ್ರೇರಣೆ.

ಸರಕಿನ ಪರಿಚಯ

ಈ ವ್ಯಾಪಾರದ ಮುಖ್ಯ ಸರಕು ಗೂಳಿಕಪ್ಪೆ. ಹೊಪ್ಲೊಬಟ್ರಾಕಸ್ ಟೈಗರಿನಸ್ ಎಂಬುದು ಇದರ ಶಾಸ್ತ್ರೀಯ ನಾಮ. ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ದೋದಾಂ ಅವರು 1802ರಲ್ಲಿ ಇದನ್ನು ಮೊದಲಿಗೆ ವಿವರಿಸಿದರು. ಬಹುಕಾಲ ಇದು ರಾನಾ ಟೈಗ್ರಿನಾ ಎಂಬ ಹೆಸರಿನಲ್ಲಿ ಪಠ್ಯಪುಸ್ತಕಗಳಲ್ಲಿ ಪರಿಚಿತವಾಗಿತ್ತು. ಮೂತಿಯ ತುದಿಯಿಂದ ಹಿಂಬದಿಯವರೆಗೆ ಸುಮಾರು 17 ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲ ಇದು ಭಾರತದ ಕಪ್ಪೆಗಳಲ್ಲೆಲ್ಲ ಅತಿ ದೊಡ್ಡದರ ಪೈಕಿ ಒಂದು. ಹಸಿರು-ಕಂದು ಮೈ, ಅದರ ಮೇಲೆ ಕಪ್ಪು ಮಚ್ಚೆ, ಬೆನ್ನಿನುದ್ದಕ್ಕೂ ಮಡಿಕೆಗಳು, ಬಲವಾದ ಹಿಂಗಾಲು. ಈ ಹಿಂಗಾಲೇ ಅದಕ್ಕೆ ಮುಳುವಾಯಿತು.

ಮುಂಗಾರಿನ ಮೊದಲ ಭಾರೀ ಮಳೆ ಸುರಿದಾಗ ಈ ಪ್ರಾಣಿಯ ರೂಪವೇ ಬದಲಾಗುತ್ತದೆ. ಗಂಡುಕಪ್ಪೆಗಳ ಮೈ ನಿಂಬೆಹಣ್ಣಿನಂತೆ ಹೊಳೆಯುವ ಹಳದಿ ಬಣ್ಣ ತಳೆದರೆ, ಗಂಟಲಿನ ಎರಡೂ ಬದಿಯ ಧ್ವನಿಚೀಲಗಳು ಗಾಢ ನೀಲಿಯಾಗುತ್ತವೆ. ಮಳೆನೀರು ನಿಂತ ತಗ್ಗಿನಲ್ಲಿ ಹತ್ತಾರು ಗಂಡುಗಳು ಒಟ್ಟುಗೂಡಿ ಗೂಳಿಯಂತೆ ಹೂಂಕರಿಸುತ್ತವೆ. ಬೇಸಾಯಗಾರರು ಮೃಗಶಿರಾ, ಆರಿದ್ರಾ ಮಳೆಗಳ ಜೊತೆಯಲ್ಲೇ ನೆನೆಯುವ ಆ ಸದ್ದು ಹೆಣ್ಣುಗಳಿಗೆ ಕರೆ. ಈ ಸಂತೆ ನಡೆಯುವುದು ಕೆಲವೇ ದಿನಗಳು. ಹೆಣ್ಣು ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಕೆಲವೇ ವಾರಗಳಲ್ಲಿ ಗೊದಮೊಟ್ಟೆಗಳು ಕಾಲು ಮೂಡಿಸಿಕೊಂಡು ದಡವೇರುತ್ತವೆ. ಮಳೆಗಾಲ ಕಳೆದು ನೆಲ ಒಣಗತೊಡಗಿದಾಗ ಗೂಳಿಕಪ್ಪೆ ಮಣ್ಣಿನೊಳಗೆ ಹುದುಗಿ ಮುಂದಿನ ಮಳೆಯವರೆಗೆ ಕಾಯುತ್ತದೆ.

ಆಹಾರದ ವಿಷಯದಲ್ಲಿ ಇದು ಮಹಾ ಹೊಟ್ಟೆಬಾಕ. ಕೀಟಗಳು, ಗದ್ದೆಯ ಏಡಿಗಳು, ಎರೆಹುಳುಗಳು, ಸಣ್ಣ ಇಲಿಗಳು, ಮರಿಹಾವುಗಳು, ಕೊನೆಗೆ ತನಗಿಂತ ಚಿಕ್ಕ ಕಪ್ಪೆಗಳು: ಬಾಯಿಗೆ ಹಿಡಿಸುವ, ಚಲಿಸುವ ಯಾವುದನ್ನೂ ಬಿಡುವುದಿಲ್ಲ. ಇದರ ಗೊದಮೊಟ್ಟೆಗಳೂ ಮಾಂಸಾಹಾರಿಗಳೇ. ಸೊಳ್ಳೆಯ ಮರಿಗಳನ್ನೂ ಇತರ ಗೊದಮೊಟ್ಟೆಗಳನ್ನೂ ತಿನ್ನುತ್ತವೆ.

ರಫ್ತಿನಲ್ಲಿ ಇದರ ಜೊತೆಗಾರನಾಗಿದ್ದದ್ದು ಹಸಿರು ಕೊಳಗಪ್ಪೆ. ಇದು ವರ್ಷವಿಡೀ ನೀರಿರುವ, ಜೊಂಡು-ತಾವರೆ ಬೆಳೆದ ಕೊಳಗಳನ್ನು ಬಯಸುವ ಜಾತಿ. ಕಪ್ಪೆಗಳಲ್ಲಿ ಅಪರೂಪವೆಂಬಂತೆ, ಪ್ರೌಢಾವಸ್ಥೆಯಲ್ಲಿ ಇದು ಜಲಸಸ್ಯಗಳನ್ನೂ ಹೇರಳವಾಗಿ ತಿನ್ನುತ್ತದೆ. ಎರಡೂ ಒಂದೇ ಮಾರುಕಟ್ಟೆಗೆ ಹೋದವು. ಆದರೆ ಎರಡರ ನೆಲೆಯೂ ಒಂದೇ ಅಲ್ಲ ಎಂಬುದನ್ನು ಓದುಗರು ಗಮನದಲ್ಲಿಡಬೇಕು. ಮುಂದಿನ ಚರ್ಚೆಗೆ ಇದು ಅಗತ್ಯ.

ನೆಲೆ ಎಂಬ ಕಾರ್ಖಾನೆ

ಗೂಳಿಕಪ್ಪೆ ದಟ್ಟ ಕಾಡಿನ ಪ್ರಾಣಿಯಲ್ಲ. ಪಾಕಿಸ್ತಾನದಿಂದ ಮ್ಯಾನ್ಮಾರ್‌ವರೆಗೆ ಹಬ್ಬಿರುವ ಇದರ ನೆಲೆ ಬಹುತೇಕ ಮನುಷ್ಯನ ಬೇಸಾಯದ ಬಯಲೇ ಆಗಿದೆ. ಭತ್ತದ ಗದ್ದೆ, ಗೋಕಟ್ಟೆ, ಕುಂಟೆ, ಕಾಲುವೆಯ ಬದಿ, ಕೆರೆಯ ಹಿನ್ನೀರಿನ ಜವುಗು ಇವೇ ಇದರ ಮನೆ. ಮೂವತ್ತಾರು ಸಾವಿರಕ್ಕೂ ಹೆಚ್ಚು ಕೆರೆಗಳಿರುವ ನಾಡೆಂದು ಹೆಸರಾದ ನಮ್ಮ ಕರ್ನಾಟಕವು ಇಂತಹ ಜೀವಿಗೆ ಹೇಳಿ ಮಾಡಿಸಿದ ಬೀಡು.

ಇದರ ನೆಲೆಗೆ ಮೂರು ಅಂಗಗಳಿವೆ. ಮೊದಲನೆಯದು ಮೊಟ್ಟೆಯಿಡುವ ಸ್ಥಳ. ಇದಕ್ಕೆ ಬೇಕಾದುದು ಆಳವಾದ ನೀರಲ್ಲ. ಮೊಣಕಾಲಿನಾಳದ, ಬಿಸಿಲಿಗೆ ಬೆಚ್ಚಗಾಗುವ, ಹುಲ್ಲು ಮುಳುಗಿದ ಮಳೆನೀರಿನ ತಗ್ಗು. ಇಂತಹ ತಗ್ಗು ಬೇಸಿಗೆಯಲ್ಲಿ ಒಣಗುವುದರಿಂದ ಅಲ್ಲಿ ಮೀನು ನೆಲೆಯೂರುವುದಿಲ್ಲ. ಮೀನಿಲ್ಲದ ಕಾರಣ ಮೊಟ್ಟೆಗೂ ಮರಿಗೂ ರಕ್ಷಣೆ. ಒಣಗುವುದು ನಮ್ಮ ಕಣ್ಣಿಗೆ ದೋಷ. ಕಪ್ಪೆಗೆ ಅದೇ ಗುಣ. ಎರಡನೆಯದು ಬೇಟೆಯಾಡುವ ಬಯಲು, ಅಂದರೆ ಗದ್ದೆ ಹಾಗೂ ಹುಲ್ಲುಗಾವಲು. ಮೂರನೆಯದು ಬೇಸಿಗೆಯಲ್ಲಿ ಹುದುಗುವ ಮೆತ್ತನೆಯ ಮಣ್ಣು. ಈ ಮೂರರ ನಡುವೆ ಓಡಾಡಲು ಅಡ್ಡಿಯಿಲ್ಲದ ದಾರಿಯೂ ಇರಬೇಕು. ಉದ್ಯಮದ ಭಾಷೆಯಲ್ಲಿ ಹೇಳುವುದಾದರೆ ಉತ್ಪಾದನಾ ಘಟಕ, ಕಚ್ಚಾಮಾಲಿನ ಉಗ್ರಾಣ, ವಿಶ್ರಾಂತಿಗೃಹ ಹಾಗೂ ಅವುಗಳನ್ನು ಜೋಡಿಸುವ ರಸ್ತೆ. ಒಂದು ಕಡಿದರೂ ಉಳಿದವು ನಿಷ್ಪ್ರಯೋಜಕ.

ರಫ್ತಿನ ಏರು ಮತ್ತು ನಿಲುಗಡೆ

ಯುರೋಪಿನಲ್ಲಿ, ಅದರಲ್ಲೂ ಫ್ರಾನ್ಸ್ ಮತ್ತು ಬೆಲ್ಜಿಯಂಗಳಲ್ಲಿ, ಕಪ್ಪೆಕಾಲು ಪ್ರಿಯವಾದ ಭಕ್ಷ್ಯ. ಅಮೆರಿಕವೂ ದೊಡ್ಡ ಗಿರಾಕಿ. ತಮ್ಮ ನೆಲದ ಕಪ್ಪೆಗಳು ಕ್ಷೀಣಿಸಿದಂತೆ ಆ ದೇಶಗಳ ವರ್ತಕರು ಏಷ್ಯಾದತ್ತ ಮುಖಮಾಡಿದರು. ಭಾರತದಲ್ಲಿ ಕೇರಳ, ಪಶ್ಚಿಮ ಬಂಗಾಳ ಮೊದಲಾದೆಡೆ, ಸೀಗಡಿ ಸಂಸ್ಕರಣೆಗೆಂದು ಸ್ಥಾಪಿತವಾಗಿದ್ದ ಶೀತಲೀಕರಣ ವ್ಯವಸ್ಥೆಯ ಬೆನ್ನೇರಿ ಈ ವ್ಯಾಪಾರವೂ ಬೆಳೆಯಿತು. ಮಳೆಗಾಲದ ರಾತ್ರಿಗಳಲ್ಲಿ ದೀಪ ಹಿಡಿದು ಗದ್ದೆಗಿಳಿಯುವ ಬಡ ಕೂಲಿಕಾರರು ಸರಪಳಿಯ ಮೊದಲ ಕೊಂಡಿ. ಅಲ್ಲಿಂದ ದಲ್ಲಾಳಿ, ಸಂಸ್ಕರಣಾ ಘಟಕ, ಬಂದರು.

1980ರ ದಶಕದ ಆರಂಭದಲ್ಲಿ ರಫ್ತು ಉತ್ತುಂಗಕ್ಕೇರಿತು. 1981ರಲ್ಲಿ ನಮ್ಮ ದೇಶದಿಂದ ಹೊರಹೋದ ಕಪ್ಪೆಕಾಲು 4,000 ಟನ್ನಿಗೂ ಮಿಗಿಲು. ಈ ಅಂಕಿಯ ಅರ್ಥವನ್ನು ಸರಳ ಗುಣಾಕಾರದಿಂದ ಗ್ರಹಿಸಬಹುದು. ದೊಡ್ಡ ಗಾತ್ರದ ಕಪ್ಪೆಗಳನ್ನೇ ಹಿಡಿದರೆಂದು ಭಾವಿಸಿ, ಒಂದು ಕಿಲೋಗ್ರಾಂ ಕಾಲಿಗೆ ಹತ್ತು ಕಪ್ಪೆ ಎಂದು ಮಿತವಾಗಿ ಹಿಡಿದರೂ, ಒಂದೇ ವರ್ಷದಲ್ಲಿ 4 ಕೋಟಿ ಕಪ್ಪೆಗಳಾಗುತ್ತವೆ. ಕಾಲು ಮಾತ್ರ ಸರಕು. ಉಳಿದ ದೇಹ ತ್ಯಾಜ್ಯ. ಅನೇಕ ವೇಳೆ ಜೀವವಿರುವಾಗಲೇ ಕಾಲು ಕತ್ತರಿಸುತ್ತಿದ್ದ ಪದ್ಧತಿಯ ವಿರುದ್ಧ ಪ್ರಾಣಿದಯಾ ಸಂಘಟನೆಗಳು ದನಿಯೆತ್ತಿದವು.

ದಯೆಯ ಮಾತಿಗೆ ಅರ್ಥಶಾಸ್ತ್ರದ ಮಾತನ್ನು ಸೇರಿಸಿದವರಲ್ಲಿ ಮುಂಬಯಿಯ ನಿಸರ್ಗತಜ್ಞ ಹುಮಾಯೂನ್ ಅಬ್ದುಲಾಲಿ ಪ್ರಮುಖರು. ಕಪ್ಪೆ ತಿನ್ನುವ ಕೀಟ ಹಾಗೂ ಏಡಿಗಳ ಲೆಕ್ಕವನ್ನು ಮುಂದಿಟ್ಟು, ಕಪ್ಪೆಕಾಲಿನಿಂದ ಗಳಿಸುವ ವಿದೇಶಿ ವಿನಿಮಯಕ್ಕಿಂತ ಕೀಟನಾಶಕಗಳ ಆಮದಿಗೆ ತೆರುವ ವಿನಿಮಯವೇ ಅಧಿಕವೆಂಬ ವಾದ ಆ ದಿನಗಳಲ್ಲಿ ಬಲವಾಗಿ ಮಂಡಿತವಾಯಿತು. ಲೆಕ್ಕಪರಿಶೋಧಕನ ದೃಷ್ಟಿಯಿಂದ ಇಲ್ಲೊಂದು ಎಚ್ಚರಿಕೆಯ ಮಾತು ಅವಶ್ಯ. ಕೀಟನಾಶಕದ ಬಳಕೆ ಏರಿದ್ದಕ್ಕೆ ಹೊಸ ತಳಿಗಳು, ಹೊಸ ಬೇಸಾಯಕ್ರಮ ಮುಂತಾದ ಇತರ ಕಾರಣಗಳೂ ಇದ್ದವು. ಪೂರ್ಣ ಮೊತ್ತವನ್ನು ಕಪ್ಪೆಯ ಖಾತೆಗೆ ಖರ್ಚು ಹಾಕುವುದು ನ್ಯಾಯವಲ್ಲ. ಆದರೆ ಖರ್ಚಿನ ಕಾಲಮಿನಲ್ಲಿ ಸೊನ್ನೆ ಬರೆಯುವುದಂತೂ ಇನ್ನೂ ದೊಡ್ಡ ಅನ್ಯಾಯ. ರಫ್ತಿನ ಲೆಕ್ಕದಲ್ಲಿ ಅಲ್ಲಿಯವರೆಗೆ ಬರೆದಿದ್ದದ್ದು ಸೊನ್ನೆಯನ್ನೇ.

1985ರಲ್ಲಿ ಗೂಳಿಕಪ್ಪೆ ಮತ್ತು ಹಸಿರು ಕೊಳಗಪ್ಪೆ ಎರಡನ್ನೂ ಸೈಟಿಸ್ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. ಇದು ನಿಷೇಧವಲ್ಲ, ಪರವಾನಗಿಯ ಮೂಲಕ ವ್ಯಾಪಾರವನ್ನು ನಿಯಂತ್ರಿಸುವ ಏರ್ಪಾಡು. ಎರಡು ವರ್ಷಗಳ ನಂತರ, 1987ರಲ್ಲಿ, ಭಾರತವು ಪೂರ್ಣ ನಿಷೇಧದ ಹಾದಿ ಹಿಡಿಯಿತು. ಬಾಂಗ್ಲಾದೇಶವೂ ಕೆಲವೇ ವರ್ಷಗಳಲ್ಲಿ ಅದನ್ನೇ ಅನುಸರಿಸಿತು. ಬೇಡಿಕೆ ಮಾತ್ರ ಅಳಿಯಲಿಲ್ಲ. ಅದು ಇಂಡೋನೇಷ್ಯಾಕ್ಕೆ ವರ್ಗವಾಯಿತು. 2010ರಿಂದ 2019ರವರೆಗಿನ ಹತ್ತು ವರ್ಷಗಳಲ್ಲಿ ಐರೋಪ್ಯ ಒಕ್ಕೂಟವು ಸುಮಾರು 40,000 ಟನ್ ಕಪ್ಪೆಕಾಲನ್ನು ಆಮದು ಮಾಡಿಕೊಂಡಿತು. ಅದರಲ್ಲಿ ಸಿಂಹಪಾಲು ಇಂಡೋನೇಷ್ಯಾದ್ದು. ಭಾರತ ನಡೆದ ಹಾದಿಯಲ್ಲೇ ಮತ್ತೊಂದು ದೇಶ ನಡೆಯುತ್ತಿದೆ.

ಲೆಕ್ಕಕ್ಕೆ ಬಾರದ ವೆಚ್ಚ

ಇಷ್ಟು ದೊಡ್ಡ ವಹಿವಾಟಿನ ನಿಜವಾದ ವೆಚ್ಚ ಪುಸ್ತಕದಲ್ಲಿ ಕಾಣದಿರಲು ಕಾರಣವೇನು? ಉತ್ತರ ಸರಳ. ರಫ್ತುದಾರನ ಲಾಭ-ನಷ್ಟ ಖಾತೆಯಲ್ಲಿ ಕಪ್ಪೆಯ ಬೆಲೆ ಎಂದರೆ ಹಿಡಿದವನ ಕೂಲಿ, ದಲ್ಲಾಳಿಯ ಪಾಲು ಮತ್ತು ಸಾಗಣೆ. ಕಪ್ಪೆಯನ್ನು ಉತ್ಪಾದಿಸಿದ ಗದ್ದೆಗೂ ಕೆರೆಗೂ ಯಾರೂ ಬಿಲ್ಲು ಕಳುಹಿಸಲಿಲ್ಲ. ಯಂತ್ರಕ್ಕೆ ಸವಕಳಿ ಬರೆದೆವು, ಕಟ್ಟಡಕ್ಕೆ ಬರೆದೆವು, ಸರಕನ್ನು ನೀಡಿದ ನೀರಿನ ತಾಣಕ್ಕೆ ಬರೆಯಲಿಲ್ಲ. ಮೂಲಧನವನ್ನೇ ಕರಗಿಸಿ ಲಾಭಾಂಶ ಹಂಚುವುದು ಕಂಪನಿಗೆ ನಿಷಿದ್ಧ. ಪ್ರಕೃತಿಯ ವಿಷಯದಲ್ಲಿ ಅದನ್ನೇ ನಾವು ವಿದೇಶಿ ವಿನಿಮಯದ ಗಳಿಕೆ ಎಂದು ಕರೆದೆವು.

ಇದು ಅಂದಿನ ಲೆಕ್ಕಗಾರಿಕೆಯ ಕೊರತೆ ಮಾತ್ರವಲ್ಲ. 2015ರಲ್ಲಿ ಅಧಿಸೂಚಿತವಾದ ಭಾರತೀಯ ಲೆಕ್ಕಪತ್ರ ಮಾನಕಗಳಲ್ಲಿ 41ನೆಯದು ಕೃಷಿಗೆ ಸಂಬಂಧಿಸಿದ್ದು. ಅದರಂತೆ ಸಾಕಿ ಬೆಳೆಸುವ ಪ್ರಾಣಿ ಹಾಗೂ ಸಸ್ಯಗಳನ್ನು ಜೈವಿಕ ಆಸ್ತಿಯೆಂದು ಪರಿಗಣಿಸಿ ಮೌಲ್ಯ ಕಟ್ಟಬೇಕು. ಆದರೆ ಕಡಲ ಮೀನುಗಾರಿಕೆಯಂತೆ, ಯಾರೂ ನಿರ್ವಹಿಸದ ಮೂಲದಿಂದ ಸಂಗ್ರಹಿಸುವುದು ಕೃಷಿ ಚಟುವಟಿಕೆಯ ವ್ಯಾಖ್ಯೆಗೆ ಒಳಪಡುವುದಿಲ್ಲ. ಇಂದು ಯಾರಾದರೂ ಕಾಡುಕಪ್ಪೆಯನ್ನು ಹಿಡಿದು ಮಾರಿದರೂ, ಕಾನೂನು ಒಪ್ಪುತ್ತದೆಂದು ವಾದಕ್ಕಾಗಿ ಭಾವಿಸಿದರೆ, ಮೂಲ ದಾಸ್ತಾನಿನ ಕ್ಷಯವು ಅಢಾವೆ ಪತ್ರಿಕೆಯಲ್ಲಿ ಕಾಣಿಸುವುದಿಲ್ಲ. ಮಾನಕ ತಪ್ಪೆಂದು ಹೇಳುತ್ತಿಲ್ಲ; ಮಾಲೀಕನಿಲ್ಲದ ಆಸ್ತಿಯನ್ನು ಒಂದು ಸಂಸ್ಥೆಯ ಪುಸ್ತಕಕ್ಕೆ ತರುವುದು ಕಷ್ಟ. ಅದಕ್ಕಾಗಿಯೇ ಅಂತಹ ಆಸ್ತಿಯನ್ನು ಪುಸ್ತಕದ ಹೊರಗೆ, ಕಾನೂನು ಮತ್ತು ವಿವೇಕಗಳೆರಡರಿಂದಲೂ ಕಾಯಬೇಕಾಗುತ್ತದೆ.

ಹಾಗಾದರೆ ಸಾಕಬಾರದೇಕೆ ಎಂದು ಉದ್ಯಮಶೀಲ ಓದುಗರು ಕೇಳಬಹುದು. ಥಾಯ್ಲೆಂಡ್‌ನಲ್ಲಿ ಗೂಳಿಕಪ್ಪೆಯ ಹತ್ತಿರದ ಸಂಬಂಧಿಯೊಂದನ್ನು ಸಾಕುತ್ತಾರೆ ಎಂಬುದು ನಿಜ. ಆದರೆ ಚಲಿಸುವ ಆಹಾರವನ್ನೇ ಬಯಸುವ, ಎಳೆತನದಲ್ಲಿ ಒಂದನ್ನೊಂದು ತಿನ್ನುವ ಪ್ರಾಣಿಯ ಸಾಕಣೆ ಸುಲಭವೂ ಅಲ್ಲ, ಅಗ್ಗವೂ ಅಲ್ಲ. ಪುಕ್ಕಟೆಯಾಗಿ ಗದ್ದೆಯಲ್ಲಿ ಸಿಗುವಾಗ ಸಾಕುವ ಗೋಜಿಗೆ ಹೋಗುವವರು ಯಾರು? ಅದರ ಮೇಲೆ, ನೆಲೆ ತಪ್ಪಿದ ಗೂಳಿಕಪ್ಪೆ ಅಪಾಯಕಾರಿಯೂ ಹೌದು. ಮಡಗಾಸ್ಕರ್ ಮತ್ತು ಮಾಲ್ಡೀವ್ಸ್ ದ್ವೀಪಗಳಲ್ಲಿ ಇದು ಹೊರಗಿನಿಂದ ಬಂದು ನೆಲೆಸಿದೆ. ನಮ್ಮದೇ ಅಂಡಮಾನ್ ದ್ವೀಪಗಳಿಗೂ ಈ ಶತಮಾನದಲ್ಲಿ ಮನುಷ್ಯರ ಮೂಲಕ, ಮುಖ್ಯವಾಗಿ ಮೀನುಮರಿಗಳ ಸಾಗಣೆಯಲ್ಲಿ ಬೆರೆತು ಬಂದು, ಅಲ್ಲಿನ ಸ್ಥಳೀಯ ಜೀವಿಗಳನ್ನು ತಿನ್ನುತ್ತ ಹರಡುತ್ತಿದೆ. ಇಲ್ಲಿ ಆಸ್ತಿಯಾದದ್ದು ಅಲ್ಲಿ ಹೊರೆ. ಜೀವಿಯ ಮೌಲ್ಯ ಅದರ ನೆಲೆಯಿಂದ ಬೇರೆಯಾಗಿ ಇರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಇಂದಿನ ನಷ್ಟ ಎಲ್ಲಿದೆ

ಗೂಳಿಕಪ್ಪೆ ಅಳಿವಿನಂಚಿನಲ್ಲಿದೆ ಎಂದು ಹೇಳಿ ಓದುಗರನ್ನು ಬೆದರಿಸುವ ಉದ್ದೇಶ ಈ ಲೇಖನಕ್ಕಿಲ್ಲ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಇದು ಸದ್ಯಕ್ಕೆ ಆತಂಕ ಕಡಿಮೆಯಿರುವ ವರ್ಗದಲ್ಲೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯೂ ಇದಕ್ಕುಂಟು. ಮುಂಗಾರಿನ ವೇಳೆ ಗೋವೆಯಲ್ಲಿ ‘ಜಂಪಿಂಗ್ ಚಿಕನ್’ ಎಂಬ ಹೆಸರಿನಲ್ಲಿ ಕದ್ದು ನಡೆಯುವ ಬೇಟೆಯಂತಹ ಪ್ರಕರಣಗಳನ್ನು ಬಿಟ್ಟರೆ, ಹಿಡಿದು ಮಾರುವ ವ್ಯಾಪಾರ ಹಿಂದಿನ ಪ್ರಮಾಣದಲ್ಲಿ ಉಳಿದಿಲ್ಲ.

ಅಂದು ದಾಸ್ತಾನು ಖಾಲಿಯಾಗುತ್ತಿತ್ತು, ಕಾರ್ಖಾನೆ ಉಳಿದಿತ್ತು. ಆದ್ದರಿಂದಲೇ ನಿಷೇಧದ ನಂತರ ಚೇತರಿಕೆಗೆ ಅವಕಾಶವಿತ್ತು. ಇಂದು ಕಳಚಿಹೋಗುತ್ತಿರುವುದು ಕಾರ್ಖಾನೆಯೇ. ಗೋಮಾಳದ ತಗ್ಗು ಬಡಾವಣೆಯಾಗುತ್ತದೆ; ಕುಂಟೆ ಮಣ್ಣು ತುಂಬಿ ನಿವೇಶನವಾಗುತ್ತದೆ; ಗದ್ದೆ ಗೋದಾಮಾಗುತ್ತದೆ. ಕಪ್ಪೆ ಚರ್ಮದ ಮೂಲಕವೂ ಉಸಿರಾಡುವ, ನೀರು ಹೀರುವ ಪ್ರಾಣಿಯಾದ್ದರಿಂದ ಗದ್ದೆಯ ವಿಷ ಹಾಗೂ ಕಾರ್ಖಾನೆಯ ಕೊಳಚೆ ನೇರವಾಗಿ ಅದರ ಮೈಸೇರುತ್ತವೆ.

ನಮ್ಮ ದಾಸ್ತಾನು ಪಟ್ಟಿಯೇ ಇನ್ನೂ ಪೂರ್ಣವಾಗಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 2009ರಲ್ಲಿ ಮಂಗಳೂರಿನ ಸಮೀಪದಿಂದ ಜಲವಾಸಿ ಕಪ್ಪೆಯೊಂದು ವಿಜ್ಞಾನಕ್ಕೆ ಹೊಸದಾಗಿ ಪರಿಚಯವಾಯಿತು. ಅಲ್ಲಿನ ಸಂತ ಅಲೋಶಿಯಸ್ ಕಾಲೇಜಿನ ಹೆಸರನ್ನೇ ಅದಕ್ಕೆ ಇಡಲಾಯಿತು. 2016ರಲ್ಲಿ ಹಸಿರು ಕೊಳಗಪ್ಪೆಯ ಬಂಧುವೊಂದು ‘ಕರಾವಳಿ’ ಎಂಬ ಕನ್ನಡ ಹೆಸರನ್ನೇ ಹೊತ್ತು ಶಾಸ್ತ್ರೀಯ ಪಟ್ಟಿಗೆ ಸೇರಿತು. 2018ರಲ್ಲಿ ಮಂಗಳೂರಿನ ಕೈಗಾರಿಕಾ ಪ್ರದೇಶದಿಂದಲೇ ಪುಟ್ಟ ಕಪ್ಪೆಯೊಂದು ಬೆಳಕಿಗೆ ಬಂದು, ಆ ನಗರದ ಕೊಂಕಣಿ ಹೆಸರಾದ ‘ಕೊಡಿಯಾಲ್’ ಅದರ ಹೆಸರಾಯಿತು. ದೂರದ ಅಭಯಾರಣ್ಯದಲ್ಲಲ್ಲ, ನಮ್ಮ ಉದ್ಯಮಗಳ ಬೇಲಿಯ ಪಕ್ಕದಲ್ಲೇ ಎಣಿಕೆಗೆ ಸಿಗದ ಆಸ್ತಿಯಿದೆ. ದಾಸ್ತಾನು ಎಣಿಸುವ ಮುನ್ನವೇ ಉಗ್ರಾಣ ಕೆಡವುವ ವರ್ತಕನನ್ನು ನಾವು ಜಾಣನೆಂದು ಕರೆಯುವುದಿಲ್ಲ.

ಕೆರೆ ‘ಅಭಿವೃದ್ಧಿ’ ಮತ್ತು ನಮ್ಮ ಹಣ

ಈಗ ವಾಣಿಜ್ಯೋದ್ಯಮ ವಲಯಕ್ಕೆ ನೇರವಾಗಿ ಸಂಬಂಧಿಸಿದ ವಿಷಯ. ಕಂಪನಿಗಳ ಕಾಯಿದೆ, 2013ರ 135ನೇ ಕಲಮಿನಂತೆ ನಿಗದಿತ ಮಿತಿಯ ಮೇಲಿರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಕಾರ್ಯಗಳಿಗೆ ವಿನಿಯೋಗಿಸಬೇಕು. ಕಾಯಿದೆಯ ಏಳನೆಯ ಅನುಸೂಚಿಯಲ್ಲಿ ಪರಿಸರ ಸಮತೋಲನ ಹಾಗೂ ಸಸ್ಯ-ಪ್ರಾಣಿ ಸಂರಕ್ಷಣೆಯೂ ಸೇರಿದೆ. ಕೆರೆಗಳ ಪುನಶ್ಚೇತನ ಇಂದು ಈ ಶೀರ್ಷಿಕೆಯ ಜನಪ್ರಿಯ ಕಾರ್ಯ. ಉದ್ದೇಶ ಶ್ಲಾಘನೀಯ, ಸಂದೇಹವಿಲ್ಲ.

ಆದರೆ ವಿಧಾನ ಹೇಗಿದೆ? ಬೆಂಗಳೂರಿನಂತಹ ನಗರಗಳಲ್ಲಿ ಅನೇಕ ಕೆರೆಗಳ ಹೂಳೆತ್ತುವ ನೆಪದಲ್ಲಿ ತಳವನ್ನು ಸಮನಾಗಿ ಆಳ ಮಾಡಿ, ಸುತ್ತಲೂ ಕಡಿದಾದ ಕಲ್ಲುಕಟ್ಟಡ ಕಟ್ಟಿ, ಬಟ್ಟಲಿನ ಆಕಾರ ಕೊಡಲಾಗಿದೆ ಎಂಬ ಟೀಕೆಯನ್ನು ಪರಿಸರತಜ್ಞರು ಬಹುಕಾಲದಿಂದ ಮಾಡುತ್ತ ಬಂದಿದ್ದಾರೆ. ಕಪ್ಪೆಗೆ ಬೇಕಾದುದು ಕೆರೆಯ ನಡುವಿನ ಆಳವಲ್ಲ, ಅಂಚಿನ ತೆಳುನೀರು. ಅಂಚನ್ನೇ ಕಲ್ಲಿನಿಂದ ಮುಚ್ಚಿದರೆ ಮೊಟ್ಟೆಯಿಡಲು ಸ್ಥಳವಿಲ್ಲ. ಮರಿಕಪ್ಪೆ ದಡವೇರಲು ಇಳಿಜಾರಿಲ್ಲ. ನೀರು ತುಂಬಿದೆ, ನಡಿಗೆಪಥ ಇದೆ, ನಾಮಫಲಕ ಇದೆ. ಕಪ್ಪೆಗೆ ಮಾತ್ರ ಜಾಗವಿಲ್ಲ. ಕೆರೆಯ ಹಿಂದಿನ ಜವುಗನ್ನು ಒಣಗಿಸಿ ಉದ್ಯಾನ ಮಾಡಿದಾಗಲಂತೂ ಗೂಳಿಕಪ್ಪೆಯ ಹೆರಿಗೆ ಕೋಣೆಗೇ ಬೀಗ ಬಿದ್ದಂತೆ. ಇಷ್ಟೆಲ್ಲ ನಡೆದರೂ ವೆಚ್ಚದ ಪ್ರಮಾಣಪತ್ರ ನಿರ್ದುಷ್ಟವಾಗಿಯೇ ಇರುತ್ತದೆ, ಏಕೆಂದರೆ ಹಣ ಖರ್ಚಾಗಿದೆ, ರಸೀದಿ ಇದೆ, ಕೆಲಸ ಮುಗಿದಿದೆ.

ಪರಿಹಾರವೂ ಕಾನೂನಿನ ಒಳಗೇ ಇದೆ. 2021ರ ಜನವರಿಯಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ, ಬಿಡುಗಡೆಯಾದ ಮೊತ್ತವು ಆಡಳಿತ ಮಂಡಳಿ ಅನುಮೋದಿಸಿದ ಉದ್ದೇಶಕ್ಕೆ, ಅನುಮೋದಿಸಿದ ರೀತಿಯಲ್ಲಿಯೇ ಬಳಕೆಯಾಗಿದೆ ಎಂದು ಕಂಪನಿಯ ಮುಖ್ಯ ಹಣಕಾಸು ಅಧಿಕಾರಿ ಪ್ರಮಾಣೀಕರಿಸಬೇಕು. ‘ಅನುಮೋದಿಸಿದ ರೀತಿಯಲ್ಲಿ’ ಎಂಬ ಮಾತೇ ಇಲ್ಲಿ ಕೀಲಿಕೈ. ಠರಾವಿನಲ್ಲಿ ಕೇವಲ ‘ಕೆರೆ ಅಭಿವೃದ್ಧಿ’ ಎಂದು ಬರೆದರೆ ಪ್ರಮಾಣೀಕರಿಸಬೇಕಾದದ್ದೂ ಅಷ್ಟೇ. ಠರಾವಿನಲ್ಲೇ ಕೆಳಗಿನ ಷರತ್ತುಗಳನ್ನು ಸೇರಿಸಿದರೆ ಗುತ್ತಿಗೆದಾರನ ಅಂದಾಜುಪಟ್ಟಿಯಿಂದ ಅಂತಿಮ ಬಿಲ್ಲಿನವರೆಗೆ ಅವು ಬಂಧನಕಾರಿಯಾಗುತ್ತವೆ.

ಮೊದಲನೆಯದಾಗಿ, ಕೆರೆಯ ಸುತ್ತಳತೆಯ ಒಂದು ಭಾಗವನ್ನಾದರೂ, ವಿಶೇಷವಾಗಿ ನೀರು ಒಳಬರುವ ದಿಕ್ಕನ್ನು, ಕಲ್ಲು ಕಟ್ಟದೆ ಮಣ್ಣಿನ ಸೌಮ್ಯ ಇಳಿಜಾರಾಗಿ ಉಳಿಸಬೇಕು. ಎರಡನೆಯದಾಗಿ, ಜೊಂಡು ಮತ್ತು ಹುಲ್ಲಿನ ಜವುಗನ್ನು ‘ಕಳೆ’ ಎಂಬ ಶೀರ್ಷಿಕೆಯಲ್ಲಿ ಪೂರ್ಣ ತೆಗೆಯಬಾರದು. ಮೂರನೆಯದಾಗಿ, ಮಳೆಗಾಲದಲ್ಲಿ ಮಾತ್ರ ನೀರು ನಿಲ್ಲುವ ತಗ್ಗನ್ನು ಕೆರೆಗೆ ಸೇರಿಸಿ ಆಳ ಮಾಡದೆ, ಪ್ರತ್ಯೇಕವಾಗಿ ಹಾಗೆಯೇ ಬಿಡಬೇಕು. ನಾಲ್ಕನೆಯದಾಗಿ, ಮುಂಗಾರಿನ ಮೊದಲ ವಾರಗಳಲ್ಲಿ ಅಂಚಿನಲ್ಲಿ ಯಂತ್ರ ಇಳಿಸಬಾರದು. ಐದನೆಯದಾಗಿ, ಕೆಲಸಕ್ಕೆ ಮುನ್ನ ಒಂದು ಮಳೆಗಾಲ, ಮುಗಿದ ಮೇಲೆ ಒಂದು ಮಳೆಗಾಲ, ಸಮೀಪದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಿಂದ ಕಪ್ಪೆಗಳ ಎಣಿಕೆ ಮಾಡಿಸಬೇಕು. ಇವುಗಳಲ್ಲಿ ಯಾವುದೂ ಯೋಜನಾವೆಚ್ಚವನ್ನು ಗಣನೀಯವಾಗಿ ಹೆಚ್ಚಿಸುವಂಥದ್ದಲ್ಲ. ಕಲ್ಲುಕಟ್ಟಡ ಕಡಿಮೆಯಾಗುವುದರಿಂದ ಮೊದಲನೆಯದರಲ್ಲಿ ಉಳಿತಾಯವೇ ಆದೀತು.

ಕಾರ್ಖಾನೆಯ ಆವರಣದಲ್ಲೇ ತಗ್ಗು ಜಾಗವಿರುವ ಸದಸ್ಯರಿಗೆ ಕೆಲಸ ಇನ್ನೂ ಸುಲಭ. ಮಳೆನೀರು ಸಂಗ್ರಹಕ್ಕೆಂದು ಬಿಟ್ಟ ಮೂಲೆಯೊಂದನ್ನು ಎಣ್ಣೆ-ರಾಸಾಯನಿಕ ಸೇರದಂತೆ ಕಾಯ್ದು, ಹುಲ್ಲು ಬೆಳೆಯಲು ಬಿಟ್ಟರೆ ಸಾಕು. ಸೊಳ್ಳೆಯ ಭಯದಿಂದ ಮಣ್ಣು ತುಂಬಿಸುವ ಮೊದಲು, ಗೊದಮೊಟ್ಟೆಗಳಿರುವ ತಗ್ಗಿನಲ್ಲಿ ಸೊಳ್ಳೆಯ ಮರಿಗೆ ಶತ್ರುಗಳೂ ಇರುತ್ತಾರೆಂಬುದನ್ನು ನೆನೆಯುವುದು ಒಳ್ಳೆಯದು.

ಬೇಲೂರಿನ ಕಪ್ಪೆ ಚೆನ್ನಿಗರಾಯನ ಐತಿಹ್ಯ ಕನ್ನಡಿಗರೆಲ್ಲರಿಗೂ ಪರಿಚಿತ. ಮೂರ್ತಿಗೆಲ್ಲ ಗಂಧ ಲೇಪಿಸಿದಾಗ ಎಲ್ಲೆಡೆ ಒಣಗಿ, ಹೊಕ್ಕುಳಲ್ಲಿ ಮಾತ್ರ ಒಣಗದೆ ಉಳಿದ ತೇವವು ಒಳಗಿನ ಕಪ್ಪೆಯನ್ನು ತೋರಿಸಿಕೊಟ್ಟಿತಂತೆ. ಹೊರನೋಟಕ್ಕೆ ಸರ್ವಾಂಗಸುಂದರವಾದದ್ದನ್ನೂ ಪರೀಕ್ಷೆಗೆ ಒಡ್ಡಬೇಕೆಂಬುದು ಅಲ್ಲಿನ ನೀತಿ. ನಮ್ಮ ಕೆರೆಗಳ ವಿಷಯದಲ್ಲಿ ಪರೀಕ್ಷೆ ತಿರುವುಮುರುವು: ಒಳಗೆ ಕಪ್ಪೆ ಇದ್ದರೆ ಕೆರೆ ಸರಿಯಿದೆ, ಇಲ್ಲದಿದ್ದರೆ ಲೋಪವಿದೆ. ಮುಂದಿನ ಆರ್ಥಿಕ ವರ್ಷದ ಸಾಮಾಜಿಕ ಹೊಣೆಗಾರಿಕೆಯ ಆಯವ್ಯಯವನ್ನು ಮಂಡಳಿಯ ಮುಂದಿಡುವಾಗ, ಕೆರೆಯ ಕಾಮಗಾರಿ ಅದರಲ್ಲಿದ್ದರೆ, ಮೇಲಿನ ಐದು ಷರತ್ತುಗಳನ್ನು ಠರಾವಿನ ಕರಡಿಗೆ ಸೇರಿಸಬೇಕೆಂದು ಸದಸ್ಯ ಬಾಂಧವರಲ್ಲಿ ವಿನಂತಿ. ಒಂದು ಪುಟದ ತಿದ್ದುಪಡಿ ಅಷ್ಟೇ. ಮುಂದಿನ ಮೃಗಶಿರಾ ಮಳೆಯ ರಾತ್ರಿ ಆ ಕೆರೆಯಂಚಿಗೆ ಹೋಗಿ ನಿಂತರೆ ಅದು ಫಲಿಸಿತೋ ಇಲ್ಲವೋ ಎಂಬುದು ಕಿವಿಗೇ ತಿಳಿಯುತ್ತದೆ.